ರಟ್ಟಿನ ಮೇಲಿನ ಮಾತು

ಕನ್ನಡ ವ್ಯಾಕರಣವನ್ನು ಶಾಲೆಯಲ್ಲಿ ಓದಿದ ವಾಚಕರಿಗೆ ನಾಮಪದದ ಮೂರು ಬಗೆಗಳು ನೆನಪಿರಬಹುದು. ನದಿ, ಪರ್ವತ, ಹುಡುಗ ಎಂಬಂತೆ ರೂಢಿಯಿಂದ ಬಂದವು ರೂಢನಾಮಗಳು. ಕಾವೇರಿ, ನಂದಿಬೆಟ್ಟ, ರಾಮಣ್ಣ ಎಂಬಂತೆ ಗುರುತಿಗಾಗಿ ಇಟ್ಟುಕೊಂಡವು ಅಂಕಿತನಾಮಗಳು. ವಿದ್ವಾಂಸ, ವ್ಯಾಪಾರಿ, ಕುಂಟ ಎಂಬಂತೆ ಅರ್ಥಕ್ಕೆ ಅನುಗುಣವಾದವು ಅನ್ವರ್ಥನಾಮಗಳು. ಸುಮಾರು ಮೂವತ್ತು ವರ್ಷ ನಾನು ಈ ಪಾಠವನ್ನು ಹೇಳಿದ್ದೇನೆ. ಆದರೆ ಬರಿಯ ರೂಢಿಯ ಹೆಸರೊಂದು ಅನ್ವರ್ಥನಾಮದ ವೇಷ ಹಾಕಿಕೊಂಡು ಬಂದರೆ ಎಂಥ ಅನ್ಯಾಯವಾಗಬಹುದೆಂಬುದು ನನಗೆ ಮನದಟ್ಟಾದದ್ದು ಈಚೆಗೆ. ಅದೂ ಹತ್ತನೆಯ ತರಗತಿಯ ಒಬ್ಬ ಹುಡುಗಿಯಿಂದ.

ನಮ್ಮ ಶಾಲೆಯ ಪುಸ್ತಕಭಂಡಾರದ ಹೊಣೆ ನನ್ನದು. ಮಕ್ಕಳ ಕಣ್ಣಿಗೆ ಬೀಳಲೆಂದು ಪುಸ್ತಕಗಳಿಗೆ ಎರಡೆರಡು ಸಾಲಿನ ಪರಿಚಯ ಬರೆದು ಚೀಟಿ ಅಂಟಿಸುವುದು ನನ್ನ ಪದ್ಧತಿ. ನೈಜೀರಿಯದ ಚಿನುವಾ ಅಚಿಬೆಯವರು 1958ರಲ್ಲಿ ಪ್ರಕಟಿಸಿದ ಮೊದಲ ಕಾದಂಬರಿಯ ಕನ್ನಡ ಅನುವಾದ ಬಂದಾಗ ಅದರ ಮೇಲೆ "ಕಗ್ಗತ್ತಲೆಯ ಖಂಡದ ಕಾಡುಜನರ ರೋಮಾಂಚಕಾರಿ ಕಥೆ" ಎಂದು ಬರೆದೆ. ಪುಸ್ತಕ ಬೇಗ ಬೇಗ ಕೈ ಬದಲಾಯಿಸಿತು. ನನಗೆ ಹಿಗ್ಗು. ಒಂದು ದಿನ ಆ ಹುಡುಗಿ ಪುಸ್ತಕವನ್ನು ಹಿಂದಿರುಗಿಸುತ್ತ, "ಸಾರ್, ಈ ಚೀಟಿ ಬೇರೆ ಪುಸ್ತಕದ್ದಿರಬೇಕು, ಇದಕ್ಕೆ ಅಂಟಿಬಿಟ್ಟಿದೆ" ಎಂದಳು. ಏಕಮ್ಮ ಎಂದೆ. "ಇದರಲ್ಲಿ ಊರಿದೆ, ಗೆಣಸಿನ ಹೊಲ ಇದೆ. ಮನೆಗೆ ಬಂದವರಿಗೆ ನಮ್ಮಲ್ಲಿ ಎಲೆ ಅಡಕೆ ಕೊಡೋ ಹಾಗೆ ಕೋಲಾ ಕಾಯಿ ಕೊಡ್ತಾರೆ. ಗಂಡ ಹೆಂಡತಿ ಜಗಳ ಆದರೆ ಹಿರಿಯರು ಕೂತು ನ್ಯಾಯ ಹೇಳ್ತಾರೆ. ಮಾತಿಗೊಂದು ಗಾದೆ. ಕಾಡುಜನ ಎಲ್ಲಿ ಸಾರ್?" ಎಂದು ಕೇಳಿದಳು.

ಅವಳಲ್ಲಿ ಕುಚೋದ್ಯವಿರಲಿಲ್ಲ, ನಿಜವಾಗಿಯೂ ಚೀಟಿ ತಪ್ಪಿದೆಯೆಂದೇ ಅವಳು ತಿಳಿದಿದ್ದಳು. ನನಗೆ ತತ್‌ಕ್ಷಣ ಉತ್ತರ ಹೊಳೆಯಲಿಲ್ಲ. ಕಾದಂಬರಿಯನ್ನು ನಾನೂ ಓದಿದ್ದೆ, ಮೆಚ್ಚಿದ್ದೆ. ಹಾಗಿದ್ದೂ ಚೀಟಿ ಬರೆಯಲು ಕುಳಿತಾಗ ಲೇಖನಿಯ ತುದಿಗೆ ಬಂದದ್ದು ಓದಿದ್ದಲ್ಲ, ಎಂದೋ ಕೇಳಿದ್ದು. ಈ "ಕಗ್ಗತ್ತಲೆ"ಯೂ ಈ "ಕಾಡುಜನ"ವೂ ನನ್ನ ಲೇಖನಿಗೆ ಎಲ್ಲಿಂದ ಬಂದುವು? ಈ ಪ್ರಶ್ನೆಯ ಬೆನ್ನು ಹತ್ತಿ ಕೆಲವು ತಿಂಗಳು ಓದಿದೆ. ಆಫ್ರಿಕದ ಲೇಖಕರ ಪುಸ್ತಕಗಳನ್ನು ಮಾರುವುದಕ್ಕಾಗಿ ರಟ್ಟಿನ ಮೇಲೆ, ಮೊದಲ ಪುಟದ ಮೇಲೆ, ಜಾಹೀರಾತಿನಲ್ಲಿ ಎಂತೆಂಥ ಮಾತುಗಳನ್ನು ಬಳಸಿದರೆಂಬುದಕ್ಕೆ ಎರಡೂವರೆ ಶತಮಾನದ ಚರಿತ್ರೆಯೇ ಇದೆ. ಅದರ ಕೆಲವು ಅಧ್ಯಾಯಗಳನ್ನು ವಾಚಕರ ಮುಂದಿಡುತ್ತೇನೆ.

ಮೊದಲ ಅಧ್ಯಾಯ ತೆರೆಯುವುದು 1773ರಲ್ಲಿ. 1761ರಲ್ಲಿ ಆಫ್ರಿಕದ ಪಶ್ಚಿಮ ಕರಾವಳಿಯಿಂದ ಅಮೆರಿಕದ ಬಾಸ್ಟನ್ ನಗರಕ್ಕೆ ಬಂದ ಗುಲಾಮರ ಹಡಗಿನಲ್ಲಿ ಏಳೆಂಟು ವರ್ಷದ ಒಂದು ಹೆಣ್ಣುಮಗುವಿತ್ತು. ಜಾನ್ ವೀಟ್ಲಿ ಎಂಬ ವರ್ತಕ ಅವಳನ್ನು ಹೆಂಡತಿಯ ಸೇವೆಗೆಂದು ಕೊಂಡ. ಹಡಗಿನ ಹೆಸರು ಫಿಲಿಸ್; ಮಗುವಿಗೂ ಅದೇ ಹೆಸರಾಯಿತು. ಒಡೆಯನ ಮನೆತನದ ಹೆಸರು ಜೊತೆಗೆ ಸೇರಿ ಅವಳು ಫಿಲಿಸ್ ವೀಟ್ಲಿಯಾದಳು. ತಾಯಿ ಇಟ್ಟ ಹೆಸರು ಎಲ್ಲಿಯೂ ದಾಖಲಾಗಲಿಲ್ಲ. ಹುಡುಗಿ ಮನೆಯವರಿಂದ ಓದುಬರೆಹ ಕಲಿತು, ಲ್ಯಾಟಿನ್ ಅಭ್ಯಾಸ ಮಾಡಿ, ಹದಿಹರೆಯದಲ್ಲೇ ಇಂಗ್ಲಿಷಿನಲ್ಲಿ ಛಂದೋಬದ್ಧವಾಗಿ ಕವಿತೆ ಕಟ್ಟತೊಡಗಿದಳು. 1772ರಲ್ಲಿ ಬಾಸ್ಟನ್ನಿನಲ್ಲೇ ಚಂದಾದಾರರನ್ನು ಕೂಡಿಸಿ ಕವನಸಂಗ್ರಹ ಅಚ್ಚುಮಾಡಿಸುವ ಯತ್ನ ನಡೆದು ವಿಫಲವಾಯಿತು. ಕೊನೆಗೆ ಮರುವರ್ಷ ಪುಸ್ತಕ ಹೊರಬಂದದ್ದು ಲಂಡನ್ನಿನಲ್ಲಿ.

ಆ ಪುಸ್ತಕದ ಆರಂಭದಲ್ಲಿ ಎರಡು ವಸ್ತುಗಳಿವೆ. ಒಂದು, ಮೇಜಿನ ಮುಂದೆ ಲೇಖನಿ ಹಿಡಿದು ಚಿಂತಿಸುತ್ತಿರುವ ಕವಯಿತ್ರಿಯ ಚಿತ್ರ. ಅದರ ಸುತ್ತ ಅಚ್ಚಾದ ಮಾತು ಅವಳನ್ನು ಕವಿಯೆನ್ನುವುದಿಲ್ಲ. ಬಾಸ್ಟನ್ನಿನ ಇಂಥವನ ನೀಗ್ರೋ ಸೇವಕಿ ಎನ್ನುತ್ತದೆ. ಇನ್ನೊಂದು, ಬಾಸ್ಟನ್ನಿನ ಗವರ್ನರ್ ಮೊದಲಾದ 18 ಮಂದಿ ಗಣ್ಯರ ಹೆಸರುಗಳಿರುವ ಒಂದು ಪ್ರಮಾಣಪತ್ರ. ಈ ಕವಿತೆಗಳನ್ನು ಈ ಹುಡುಗಿಯೇ ಬರೆದಳೆಂದು ನಾವು ನಂಬುತ್ತೇವೆ, ಕೆಲವೇ ವರ್ಷಗಳ ಹಿಂದೆ ಇವಳು ಆಫ್ರಿಕದಿಂದ ಬಂದ ಸಂಸ್ಕಾರವಿಲ್ಲದ ಬರ್ಬರಳಾಗಿದ್ದಳು ಎಂಬುದು ಅದರ ಸಾರ. ಕವಿಯ ಪುಸ್ತಕವನ್ನು ಮಾರಲು ಕವಿಯನ್ನೇ ಬರ್ಬರಳೆಂದು ಕರೆಯಬೇಕಾಯಿತು! ಅದು ಅವಳ ಹಿತೈಷಿಗಳ ಮಾತು, ಹಗೆಗಳದಲ್ಲ ಎಂಬುದನ್ನು ವಾಚಕರು ಗಮನಿಸಬೇಕು.

ಈ "ಬರ್ಬರ" ಶಬ್ದದ ವಂಶಾವಳಿಯೂ ಸ್ವಾರಸ್ಯವಾದದ್ದು. ಗ್ರೀಕರು ತಮ್ಮ ಭಾಷೆಯನ್ನಾಡದವರ ಮಾತು ತಮ್ಮ ಕಿವಿಗೆ ಬರಿಯ "ಬರ್ ಬರ್" ಎಂದು ಕೇಳಿಸುತ್ತದೆಂದು ಅವರನ್ನು "ಬಾರ್ಬರೊಸ್" ಎಂದರು. ಸಂಸ್ಕೃತದಲ್ಲಿಯೂ "ಬರ್ಬರ" ಶಬ್ದವಿದೆ. ಅದರ ಜೊತೆಗೆ ಅಸ್ಪಷ್ಟವಾಗಿ ಮಾತಾಡುವವನೆಂಬ ಅರ್ಥದಿಂದ ಹೊರಟ "ಮ್ಲೇಚ್ಛ" ಶಬ್ದವೂ ಇದೆ. ನನಗೆ ಅರ್ಥವಾಗದ ಮಾತನ್ನಾಡುವವನು ಮಾತೇ ಬಾರದವನು. ಮಾತು ಬಾರದವನು ಸಂಸ್ಕಾರವಿಲ್ಲದವನು: ಇದು ಈ ಶಬ್ದಗಳ ತರ್ಕ. ಕೇಳುವವನ ಕಿವಿಯ ದೋಷವನ್ನು ಆಡುವವನ ನಾಲಗೆಗೆ ಅಂಟಿಸುವ ಈ ವಿದ್ಯೆ ಯಾವುದೋ ಒಂದು ದೇಶದ ಸೊತ್ತಲ್ಲ. ನಮ್ಮ ಹಿರಿಯರಿಗೂ ತಿಳಿದಿತ್ತು.

ಪ್ರಮಾಣಪತ್ರದಿಂದ ಫಿಲಿಸಳಿಗೆ ಪುಸ್ತಕ ದೊರೆಯಿತು. ಪುಸ್ತಕ ಬಂದ ವರ್ಷವೇ ಬಿಡುಗಡೆಯೂ ದೊರೆಯಿತು. ಆದರೆ ಆ ಪತ್ರ ಅವಳಿಗೆ ಕವಿಯ ಮನ್ನಣೆಯನ್ನು ಉಳಿಸಿಕೊಡಲಿಲ್ಲ. ಮುಂದೆ ಅಮೆರಿಕದ ಅಧ್ಯಕ್ಷರಾದ ಥಾಮಸ್ ಜೆಫರ್‌ಸನ್ನರು 1780ರ ದಶಕದಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಅವಳ ಕವಿತೆಗಳು ವಿಮರ್ಶೆಗೂ ಯೋಗ್ಯವಲ್ಲವೆಂದು ತಳ್ಳಿಹಾಕಿದರು. 1784ರಲ್ಲಿ ಅವಳು ಬಡತನದಲ್ಲಿ ತೀರಿಕೊಂಡಳು. ಎರಡನೆಯ ಸಂಗ್ರಹವೊಂದನ್ನು ಪ್ರಕಟಿಸಲು ಪಟ್ಟ ಶ್ರಮ ಕೈಗೂಡಲೇ ಇಲ್ಲ.

ಇದಾದ ಹದಿನಾರು ವರ್ಷಕ್ಕೆ, 1789ರಲ್ಲಿ, ಲಂಡನ್ನಿನಲ್ಲಿ ಇನ್ನೊಂದು ಪುಸ್ತಕ ಬಂತು. ಅದರ ಕರ್ತೃ ಓಲೌಡ ಎಕ್ವಿಯಾನೊ. ಗುಲಾಮನಾಗಿ ಸಮುದ್ರಗಳನ್ನು ಸುತ್ತಿ, ಕಾಸಿಗೆ ಕಾಸು ಕೂಡಿಸಿ 1766ರಲ್ಲಿ ತನ್ನನ್ನು ತಾನೇ ಕೊಂಡುಕೊಂಡು ಸ್ವತಂತ್ರನಾದವನು. ಅವನಿಗೂ ಒಡೆಯನೊಬ್ಬ ಗುಸ್ಟಾವಸ್ ವಾಸ ಎಂಬ ಹೆಸರಿಟ್ಟಿದ್ದ. ಸ್ವೀಡನ್ ದೇಶದ ದೊರೆಯ ಹೆಸರದು. ಈತ ಜಾಣ. ಪ್ರಕಾಶಕನ ಮರ್ಜಿಯನ್ನು ಕಾಯದೆ, ತಾನೇ ಚಂದಾದಾರರನ್ನು ಕೂಡಿಸಿ, ಪುಸ್ತಕದ ಹಕ್ಕನ್ನು ಕೈಬಿಡದೆ ತನ್ನ ಆತ್ಮಕಥೆಯನ್ನು ಅಚ್ಚುಹಾಕಿಸಿದ. ಮೊದಲ ಪುಟದಲ್ಲಿ ತನ್ನ ಎರಡು ಹೆಸರುಗಳನ್ನೂ ಕೊಟ್ಟು, ಅವುಗಳ ಮುಂದೆ "ಆಫ್ರಿಕದವನು" ಎಂದೂ "ಸ್ವತಃ ಬರೆದದ್ದು" ಎಂದೂ ತಾನೇ ಸೇರಿಸಿದ. ಗಣ್ಯರ ಪ್ರಮಾಣಪತ್ರ ನಿಂತಿದ್ದ ಜಾಗದಲ್ಲಿ ಅವನ ಒಂದು ಮಾತು ನಿಂತಿತು. ಆ ಪುಸ್ತಕ ಅವನ ಜೀವಿತಕಾಲದಲ್ಲೇ ಒಂಬತ್ತು ಮುದ್ರಣಗಳನ್ನು ಕಂಡಿತು. ಗುಲಾಮರ ವ್ಯಾಪಾರವನ್ನು ನಿಲ್ಲಿಸಬೇಕೆಂಬ ಚಳವಳಿಗೆ ಊರುಗೋಲಾಯಿತು.

ಅದನ್ನು ಸಹಿಸದವರು ಎತ್ತಿದ ಆಕ್ಷೇಪ ಯಾವುದು ಗೊತ್ತೆ? ಇವನು ಆಫ್ರಿಕದಲ್ಲಿ ಹುಟ್ಟಿಯೇ ಇಲ್ಲ, ವೆಸ್ಟ್ ಇಂಡೀಸಿನವನು ಎಂದು 1792ರಲ್ಲಿ ಲಂಡನ್ನಿನ ಪತ್ರಿಕೆಗಳು ಬರೆದುವು. ಅವನ ಹುಟ್ಟೂರಿನ ವಿಚಾರ ವಿದ್ವಾಂಸರಲ್ಲಿ ಇಂದಿಗೂ ಚರ್ಚೆಯಲ್ಲಿದೆ; ಅದು ಬೇರೆ ಮಾತು. ಪತ್ರಿಕೆಗಳ ದಾಳಿ ಅವನ ವಾದದ ಮೇಲೆ ಬೀಳದೆ, ರಟ್ಟಿನ ಮೇಲಿನ ಒಂದೇ ಒಂದು ಶಬ್ದದ ಮೇಲೆ ಬಿತ್ತೆಂಬುದು ನಮಗೆ ಇಲ್ಲಿ ಮುಖ್ಯ. ಆ ಶಬ್ದವನ್ನು ಕಿತ್ತರೆ ಪುಸ್ತಕವೇ ಬೀಳುವುದೆಂದು ಅವರೂ ಅರಿತಿದ್ದರು.

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧಕ್ಕೆ ಬಂದರೆ ನನ್ನ ಚೀಟಿಯ "ಕಗ್ಗತ್ತಲೆ"ಯ ಮೂಲ ಸಿಕ್ಕುತ್ತದೆ. ಹೆನ್ರಿ ಮಾರ್ಟನ್ ಸ್ಟ್ಯಾನ್ಲಿ ಎಂಬ ಪತ್ರಕರ್ತ, ಸಂಚಾರಿ, 1878ರಲ್ಲಿ ತನ್ನ ಪ್ರವಾಸಗ್ರಂಥಕ್ಕೆ ಕತ್ತಲ ಖಂಡದ ಮೂಲಕ ಎಂಬರ್ಥದ ಹೆಸರಿಟ್ಟ. 1890ರ ಗ್ರಂಥಕ್ಕೆ ಇನ್ನೂ ಗಾಢ ಕತ್ತಲ ಆಫ್ರಿಕದಲ್ಲಿ ಎಂಬರ್ಥದ ಹೆಸರಿಟ್ಟ. ಆ ಶೀರ್ಷಿಕೆ ಎಷ್ಟು ಜನಜನಿತವಾಯಿತೆಂದರೆ, ಅದೇ ವರ್ಷ ಸಾಲ್ವೇಷನ್ ಆರ್ಮಿಯ ಸ್ಥಾಪಕ ವಿಲಿಯಂ ಬೂತ್ ಇಂಗ್ಲೆಂಡಿನ ಬಡವರನ್ನು ಕುರಿತ ತನ್ನ ಪುಸ್ತಕದ ಹೆಸರಿನಲ್ಲಿ ಆಫ್ರಿಕವನ್ನು ತೆಗೆದು ಇಂಗ್ಲೆಂಡನ್ನು ಕೂರಿಸಿಕೊಂಡ! ಸೂರ್ಯ ನಡುನೆತ್ತಿಯ ಮೇಲೆ ಹಾಯುವ ಭೂಖಂಡಕ್ಕೆ ಕತ್ತಲೆಯ ಹೆಸರು. ಕತ್ತಲಿದ್ದದ್ದು ಯೂರೋಪಿನವರ ಭೂಪಟದಲ್ಲಿ. ಅವರಿಗೆ ಗೊತ್ತಿಲ್ಲದ ಒಳನಾಡು ಅದರಲ್ಲಿ ಖಾಲಿ ಬಿದ್ದಿತ್ತು. ಆದರೆ ಕತ್ತಲೆಯೆಂದಮೇಲೆ ಬೆಳಕು ತರುವವರು ಬೇಕಲ್ಲವೆ? 1884-85ರ ಬರ್ಲಿನ್ ಸಮ್ಮೇಳನದಲ್ಲಿ ಆಫ್ರಿಕವನ್ನು ಹಂಚಿಕೊಳ್ಳುವ ನಿಯಮಗಳನ್ನು ಗೊತ್ತುಮಾಡಿದ ರಾಜ್ಯಗಳಿಗೆ ಈ ಹೆಸರು ಬಹಳ ಅನುಕೂಲವಾಗಿತ್ತು. ರಾಜಕೀಯದ ಮಾತು ಪುಸ್ತಕದಂಗಡಿಗೂ ಪುಸ್ತಕದಂಗಡಿಯ ಮಾತು ರಾಜಕೀಯಕ್ಕೂ ಕೊಡುಕೊಳ್ಳುವಿಕೆಯಾದುವು.

ಹೀಗೆ ಮಾರುಕಟ್ಟೆಯ ಭಾಷೆ ಸಿದ್ಧವಾಗಿ ಕುಳಿತ ಮೇಲೆ ಆಫ್ರಿಕದ ಲೇಖಕನು ತನ್ನ ಮಾತನ್ನು ಹೇಳಲು ಬಂದ. ದಕ್ಷಿಣ ಆಫ್ರಿಕದ ಸಾಲ್ ಪ್ಲಾಟ್ಯೆಯವರ ಪುಸ್ತಕ 1916ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಯಿತು. ಅದರ ಹೆಸರಿನಲ್ಲಿ "ನೇಟಿವ್" ಎಂಬ ಶಬ್ದವಿದೆ. 1913ರಲ್ಲಿ ಅಲ್ಲಿನ ಸರ್ಕಾರ "ನೇಟಿವ್"ರ ಜಮೀನಿನ ಕಾಯಿದೆಯೊಂದನ್ನು ಮಾಡಿ, ದೇಶದ ಬಹುಸಂಖ್ಯಾತ ಕರಿಯ ಜನಕ್ಕೆ ನೆಲದಲ್ಲಿ ನೂರಕ್ಕೆ ಸುಮಾರು 7 ಪಾಲನ್ನಷ್ಟೇ ಬಿಟ್ಟಿತ್ತು. ನೇಟಿವ್ ಎಂದರೆ ಆ ನೆಲದಲ್ಲೇ ಹುಟ್ಟಿದವನು. ನೆಲದಲ್ಲಿ ಹುಟ್ಟಿದವನೆಂಬ ಹೆಸರಿನಿಂದಲೇ ಅವನ ನೆಲವನ್ನು ಕಿತ್ತುಕೊಂಡರು! ಪ್ಲಾಟ್ಯೆಯವರು ಆ ಶಬ್ದದಿಂದ ಓಡಿಹೋಗಲಿಲ್ಲ. ಕಾಯಿದೆಯ ಶಬ್ದವನ್ನೇ ರಟ್ಟಿನ ಮೇಲಿಟ್ಟು, ಒಳಗಿನ ಪುಟಗಳಲ್ಲಿ ಅದರ ಕ್ರೌರ್ಯಕ್ಕೆ ಸಾಕ್ಷಿ ಹೇಳಿದರು. ಈ ಶಬ್ದದ ಪರಿಚಯ ಕನ್ನಡಿಗರಿಗೂ ಉಂಟು. ಬ್ರಿಟಿಷರ ದಫ್ತರಗಳಲ್ಲಿ ನಮ್ಮ ಮೈಸೂರೂ ಒಂದು "ನೇಟಿವ್ ಸ್ಟೇಟ್" ಆಗಿತ್ತು.

ಇನ್ನು ಫ್ರಾನ್ಸಿಗೆ ಬರೋಣ. 1921ರ ಡಿಸೆಂಬರಿನಲ್ಲಿ ಆ ದೇಶದ ಹೆಸರಾಂತ ಗೊಂಕೂರ್ ಸಾಹಿತ್ಯ ಬಹುಮಾನ "ಬತುವಾಲ" ಎಂಬ ಕಾದಂಬರಿಗೆ ಸಂದಿತು. ಬರೆದವರು ರೆನೆ ಮರಾನ್. ಅವರ ತಂದೆತಾಯಿಗಳು ದಕ್ಷಿಣ ಅಮೆರಿಕದ ಫ್ರೆಂಚ್ ಗಯಾನದವರು. ಪೂರ್ವಜರು ಆಫ್ರಿಕದಿಂದ ಗುಲಾಮರಾಗಿ ಬಂದವರು. ಮರಾನ್ ಮಾತ್ರ ಫ್ರಾನ್ಸಿನಲ್ಲಿ ಓದಿ, ಈಗ ಮಧ್ಯ ಆಫ್ರಿಕ ಗಣರಾಜ್ಯವೆನಿಸಿರುವ ವಸಾಹತಿನಲ್ಲಿ ಫ್ರೆಂಚ್ ಸರ್ಕಾರದ ಅಧಿಕಾರಿಯಾಗಿದ್ದರು. ಆ ಬಹುಮಾನ ಪಡೆದ ಮೊದಲನೆಯ ಕರಿಯ ಲೇಖಕರು ಅವರು. ಪುಸ್ತಕದ ಹೆಸರಿನ ಕೆಳಗೆ, ಅಪ್ಪಟ "ನೆಗ್ರ್" ಕಾದಂಬರಿ ಎಂಬರ್ಥದ ಉಪಶೀರ್ಷಿಕೆ ಅಚ್ಚಾಗಿತ್ತು.

"ನೆಗ್ರ್" ಎಂಬ ಫ್ರೆಂಚ್ ಶಬ್ದಕ್ಕೆ ಕರಿಯನೆಂಬುದೊಂದೇ ಅರ್ಥವಲ್ಲ. ಗುಲಾಮರ ವ್ಯಾಪಾರದ ಕಾಲದಲ್ಲಿ ಅದಕ್ಕೆ ಗುಲಾಮನೆಂಬ ಅರ್ಥವೇ ಬಂದುಬಿಟ್ಟಿತ್ತು. ಇನ್ನೂ ಒಂದು ಅರ್ಥವುಂಟು: ಬೇರೆಯವರ ಹೆಸರಿನಲ್ಲಿ ಅಚ್ಚಾಗಲೆಂದು ಕೂಲಿಗೆ ಬರೆದುಕೊಡುವವನನ್ನೂ ಫ್ರೆಂಚರು ಇದೇ ಶಬ್ದದಿಂದ ಕರೆಯುತ್ತಿದ್ದರು. ದುಡಿಮೆ ಇವನದು, ಹೆಸರು ಇನ್ನೊಬ್ಬನದು! ಆಫ್ರಿಕದ ಶಿಲ್ಪ, ಕರಿಯರ ಸಂಗೀತ, ಕರಿಯರ ಕುಣಿತ ಇವುಗಳ ಮೋಹ ಪ್ಯಾರಿಸ್ಸಿಗೆ ಹಿಡಿದಿದ್ದ ಕಾಲದಲ್ಲಿ ಇಂಥ ಶಬ್ದವು ಕಾದಂಬರಿಯ ಮೊಗದ ಮೇಲೆ ಬಂತು. ಗಿರಾಕಿ ಕುತೂಹಲದಿಂದ ಕೊಂಡುಕೊಂಡ. ಆದರೆ ಪುಸ್ತಕ ತೆರೆದರೆ ಮುನ್ನುಡಿಯಲ್ಲೇ ಬಿಸಿ ತಟ್ಟಿತು. ನಾಗರಿಕತೆಯ ಹೆಸರಿನಲ್ಲಿ ವಸಾಹತುಗಾರರು ನಡೆಸಿದ ಸುಲಿಗೆ, ಅವರ ಕುಡಿತ, ಅವರ ಆಡಳಿತದಲ್ಲಿ ಬರಿದಾದ ಹಳ್ಳಿಗಳು, ಎಲ್ಲವನ್ನೂ ಸ್ವತಃ ಅಧಿಕಾರಿಯಾಗಿ ಕಂಡವರು ಅಲ್ಲಿ ಬರೆದಿದ್ದರು. ಗದ್ದಲವೆದ್ದಿತು. ಆಫ್ರಿಕದ ಫ್ರೆಂಚ್ ವಸಾಹತುಗಳಲ್ಲಿ ಪುಸ್ತಕಕ್ಕೆ ನಿಷೇಧ ಬಿತ್ತು. ಮರಾನ್ ಕೆಲಸ ಬಿಡಬೇಕಾಯಿತು.

ರಟ್ಟು ಮೆಚ್ಚುಗೆಯಾಗಿತ್ತು, ಒಳಗಿನದು ಮೆಚ್ಚುಗೆಯಾಗಲಿಲ್ಲ. ಕರಿಯನು ತನ್ನ ಜನರ ಬೇಟೆ, ಕುಣಿತ, ಹಬ್ಬಗಳನ್ನು ಬಣ್ಣಿಸಿದರೆ ಅದು ಅಪ್ಪಟ. ಅವನೇ ಆಡಳಿತದ ಲೆಕ್ಕ ಕೇಳಿದರೆ ಅದು ಅಧಿಕಪ್ರಸಂಗ. ಈ ನೀತಿಯಲ್ಲಿ "ಅಪ್ಪಟ" ಎಂಬ ಮಾತು ಹೊಗಳಿಕೆಯಂತೆ ಕಂಡರೂ ನಿಜವಾಗಿ ಬೇಲಿ.

ಆದರೆ ಶಬ್ದಗಳ ಚರಿತ್ರೆಯಲ್ಲಿ ವಿಚಿತ್ರವಾದ ತಿರುವುಗಳುಂಟು. 1930ರ ದಶಕದಲ್ಲಿ ಪ್ಯಾರಿಸ್ಸಿನಲ್ಲಿ ಓದುತ್ತಿದ್ದ ಕೆಲವು ತರುಣರು, ಮಾರ್ಟಿನೀಕಿನ ಎಮೆ ಸೆಜೇರ್, ಸೆನೆಗಲ್ಲಿನ ಲಿಯೊಪೋಲ್ಡ್ ಸೆಂಗೋರ್, ಗಯಾನದ ಲಿಯೋನ್ ದಮಾ, ಬೈಗುಳವಾಗಿದ್ದ ಈ ಶಬ್ದವನ್ನೇ ಎತ್ತಿಕೊಂಡು ಅದಕ್ಕೊಂದು ಭಾವವಾಚಕ ಪ್ರತ್ಯಯ ಹಚ್ಚಿ "ನೆಗ್ರಿಟ್ಯೂಡ್" ಎಂದು ತಮ್ಮ ಚಳವಳಿಯ ಬಾವುಟವಾಗಿ ಹಾರಿಸಿದರು. 1948ರಲ್ಲಿ ಸೆಂಗೋರ್ ಸಂಪಾದಿಸಿದ ಹೊಸ ಕಾವ್ಯಸಂಕಲನದ ರಟ್ಟಿನ ಮೇಲೆ ಆ ಶಬ್ದವೇ ಇದೆ. 1921ರಲ್ಲಿಯೂ ಅದೇ ಶಬ್ದ, 1948ರಲ್ಲಿಯೂ ಅದೇ ಶಬ್ದ. ಆದರೆ ಒಂದು ಗಿರಾಕಿಯನ್ನು ಕರೆಯಲು ಅಂಗಡಿಯಲ್ಲಿ ತೂಗುಹಾಕಿದ್ದು, ಇನ್ನೊಂದು ತಮ್ಮವರನ್ನು ಕರೆಯಲು ತಾವೇ ಎತ್ತಿ ಹಿಡಿದದ್ದು. ಸೆಂಗೋರ್ 1960ರಲ್ಲಿ ಸ್ವತಂತ್ರ ಸೆನೆಗಲ್ಲಿನ ಮೊದಲ ಅಧ್ಯಕ್ಷರಾದರು. ಅವರು ಮರಾನರನ್ನು ತಮ್ಮ ಪಂಥದ ಪೂರ್ವಸೂರಿಯೆಂದು ಗೌರವಿಸಿದರು.

ಇಷ್ಟೆಲ್ಲದರಲ್ಲಿ ನನ್ನ ಮನಸ್ಸನ್ನು ಹೆಚ್ಚಾಗಿ ಕಲಕಿದ್ದು ನೈಜೀರಿಯದ ಅಮೋಸ್ ಟುಟುವೋಲರ ಕಥೆ. ಅಬೆಯೊಕುಟ ಎಂಬಲ್ಲಿ 1920ರಲ್ಲಿ ಹುಟ್ಟಿದವರು. ಓದಿದ್ದು ಕೆಲವೇ ವರ್ಷ. ಯುದ್ಧಕಾಲದಲ್ಲಿ ಲೋಹದ ಕೆಲಸ ಮಾಡಿ, ಆಮೇಲೆ ಲೇಗೋಸಿನ ಸರ್ಕಾರಿ ಕಛೇರಿಯೊಂದರಲ್ಲಿ ಜವಾನರಾಗಿದ್ದರು. ಕೆಲಸವಿಲ್ಲದ ಹೊತ್ತಿನಲ್ಲಿ ಕುಳಿತು, ತಮ್ಮ ಯೊರುಬ ಜನರ ಜನಪದ ಕಥೆಗಳ ಎಳೆಗಳಿಂದ ಒಂದು ಅದ್ಭುತ ಕಥೆಯನ್ನು ಇಂಗ್ಲಿಷಿನಲ್ಲಿ ಹೆಣೆದರು. ಈಚಲ ಹೆಂಡದ ಚಟವಿದ್ದ ಒಬ್ಬಾತ, ತನಗೆ ಹೆಂಡ ಇಳಿಸಿಕೊಡುತ್ತಿದ್ದವನು ಮರದಿಂದ ಬಿದ್ದು ಸತ್ತಾಗ, ಅವನನ್ನು ಹುಡುಕಿಕೊಂಡು ಸತ್ತವರ ಊರಿಗೆ ಹೊರಡುವ ಕಥೆ ಅದು. ಲಂಡನ್ನಿನ ಫೇಬರ್ ಸಂಸ್ಥೆ 1952ರಲ್ಲಿ ಅದನ್ನು ಪ್ರಕಟಿಸಿತು.

ಅಚ್ಚುಹಾಕುವ ಮುಂಚೆ ಪ್ರಕಾಶಕರು ಹಸ್ತಪ್ರತಿಯನ್ನು ಡ್ಯಾರಿಲ್ ಫೋರ್ಡ್ ಎಂಬ ಮಾನವಶಾಸ್ತ್ರದ ಪ್ರಾಧ್ಯಾಪಕರಿಗೆ ಕಳುಹಿಸಿ, ಇದು ನಿಜವಾಗಿ ಪಶ್ಚಿಮ ಆಫ್ರಿಕದವನ ಬರೆಹವೇ ಎಂದು ಅಭಿಪ್ರಾಯ ಕೇಳಿದರು. ಬಾಸ್ಟನ್ನಿನ ಹದಿನೆಂಟು ಗಣ್ಯರು ನೆನಪಿಗೆ ಬರುವುದಿಲ್ಲವೆ? ನೂರ ಎಂಬತ್ತು ವರ್ಷದ ಮೇಲೆಯೂ ಆಫ್ರಿಕದವನ ಪುಸ್ತಕಕ್ಕೆ ಜಾಮೀನು ಬೇಕಾಯಿತು. ಪುಸ್ತಕದೊಳಗೆ ಲೇಖಕರ ಹಸ್ತಪ್ರತಿಯ ಒಂದು ಪುಟದ ಪಡಿಯಚ್ಚನ್ನೂ ತಿದ್ದುಪಡಿಗಳ ಸಮೇತ ಸೇರಿಸಿದರು. ವ್ಯಾಕರಣ ತಪ್ಪಿದ ಇಂಗ್ಲಿಷನ್ನು ಓದುಗರು ಕಣ್ಣಾರೆ ಕಾಣಲಿ, ಇದು ಅಸಲಿಯೆಂದು ನಂಬಲಿ ಎಂಬುದು ಅದರ ಫಲ. ಕವಿ ಡೈಲನ್ ಥಾಮಸ್ ಪತ್ರಿಕೆಯಲ್ಲಿ ಹಾಡಿ ಹೊಗಳಿದರು. ಮುಂದೆ ಇಂಗ್ಲೆಂಡು ಅಮೆರಿಕಗಳ ವಿಮರ್ಶಕರು ಮುಗ್ಧ, ಆದಿಮ, ಸಹಜ ಎಂಬ ವಿಶೇಷಣಗಳನ್ನು ಸುರಿದರು.

ಈ ಹೊಗಳಿಕೆಯನ್ನು ಓದಿ ನೈಜೀರಿಯದ ಅನೇಕ ವಿದ್ಯಾವಂತರು ಕುದಿದರು. ಕೆಟ್ಟ ಇಂಗ್ಲಿಷಿನಲ್ಲಿ ಬರೆದು ನಮ್ಮ ಮಾನ ಕಳೆಯುತ್ತಾನೆ ಎಂಬ ಧಾಟಿಯಲ್ಲಿ ಪತ್ರಿಕೆಗಳಿಗೆ ಬರೆದರು. ಅವರನ್ನು ಸುಮ್ಮನೆ ಹಳಿಯುವಂತಿಲ್ಲ. ಅದು ಸ್ವಾತಂತ್ರ್ಯವನ್ನು ಕೇಳುತ್ತಿದ್ದ ದೇಶ. 1960ರವರೆಗೂ ಅದು ಕೈಗೆ ಬರಲಿಲ್ಲ. ಇವರು ಆದಿಮರು, ಮಕ್ಕಳಂಥವರು ಎಂದು ಲಂಡನ್ನಿನ ಪತ್ರಿಕೆ ಪ್ರೀತಿಯಿಂದಲೇ ಬರೆದರೂ, ಮಕ್ಕಳ ಕೈಗೆ ರಾಜ್ಯಭಾರ ಯಾರು ಕೊಡುತ್ತಾರೆ? ಪುಸ್ತಕದ ಜಾಹೀರಾತಿನಲ್ಲಿ ಮುದ್ದಾಗಿ ಕಾಣುವ ಶಬ್ದ, ರಾಜಕೀಯದ ಮೇಜಿನ ಮೇಲೆ ಅರ್ಜಿಯನ್ನು ತಿರಸ್ಕರಿಸುವ ಷರಾ ಆಗುತ್ತದೆ.

ಆದರೆ ನಡುವೆ ನುಗ್ಗಾದವರು ಟುಟುವೋಲ. ಹೊಗಳಿದವರೂ ತೆಗಳಿದವರೂ ಒಂದೇ ಶಬ್ದವನ್ನು ನಂಬಿದ್ದರು. ಅವರು ಏನೂ ತಿಳಿಯದ ಮುಗ್ಧರಾಗಿರಲಿಲ್ಲ. ಅವರಿಗೆ ಮುಂಚೆಯೇ, 1938ರಲ್ಲಿ, ಡಿ. ಓ. ಫಗುನ್ವ ಎಂಬ ಉಪಾಧ್ಯಾಯರು ಯೊರುಬ ಭಾಷೆಯಲ್ಲೇ ಇಂಥ ಅದ್ಭುತಯಾತ್ರೆಯ ಕಾದಂಬರಿ ಬರೆದಿದ್ದರು. ಶಾಲೆಶಾಲೆಗಳಲ್ಲಿ ಅದನ್ನು ಓದುತ್ತಿದ್ದರು. ಟುಟುವೋಲರ ಹಿಂದೆ ಒಂದು ಮಾರ್ಗವಿತ್ತು. ಲಂಡನ್ನಿನ ವಿಮರ್ಶಕರಿಗೆ ಯೊರುಬ ಬಾರದು. ಆದ್ದರಿಂದ ಮಾರ್ಗ ಕಾಣಲಿಲ್ಲ, ಕಾಡು ಕಂಡಿತು. ಮುಂದೆ ಅಚಿಬೆಯವರು ಇಬಾದಾನ್ ವಿಶ್ವವಿದ್ಯಾಲಯದಲ್ಲಿ ನೀಡಿದ ಉಪನ್ಯಾಸವೊಂದರಲ್ಲಿ ಟುಟುವೋಲರ ಕಥೆಯನ್ನು ಹಿಡಿದು, ದುಡಿಮೆಯಿಲ್ಲದೆ ಬರಿಯ ಭೋಗದಲ್ಲಿ ಮುಳುಗಿದವನು ಪಡಬೇಕಾದ ಪಾಡು ಅದರ ನೀತಿಯೆಂದು ವಿವರಿಸಿ, ಅದು ಪ್ರೌಢವಾದ ಕೃತಿಯೆಂದು ತೋರಿಸಿಕೊಟ್ಟರು.

ಅಚಿಬೆಯವರ ಹೆಸರು ಬಂತು. ಅವರ ಮೊದಲ ಕಾದಂಬರಿಯ ಕೊನೆಯನ್ನು ಓದಿದವರು ನೆನೆಯಬೇಕು. ಕಥಾನಾಯಕ ಒಕೊಂಕ್ವೊ ಸತ್ತಿದ್ದಾನೆ, ಊರು ಒಡೆದಿದೆ. ಅಲ್ಲಿಗೆ ಬಂದ ಬಿಳಿಯ ಜಿಲ್ಲಾಧಿಕಾರಿ ಒಂದು ಪುಸ್ತಕ ಬರೆಯುವ ಯೋಚನೆಯಲ್ಲಿದ್ದಾನೆ. ನಾವು ಇಡೀ ಕಾದಂಬರಿಯುದ್ದಕ್ಕೂ ಯಾರ ಜೊತೆ ಬಾಳಿದೆವೋ ಆ ಮನುಷ್ಯನಿಗೆ ಅದರಲ್ಲಿ ಒಂದು ಪ್ಯಾರಾದಷ್ಟು ಜಾಗ ಕೊಡಬಹುದೆಂದುಕೊಳ್ಳುತ್ತಾನೆ. ಪುಸ್ತಕದ ಹೆಸರನ್ನು ಆಗಲೇ ನಿಶ್ಚಯಿಸಿಕೊಂಡಿದ್ದಾನೆ. ಆದಿಮ ಬುಡಕಟ್ಟುಗಳನ್ನು ತಾವು ಶಾಂತಗೊಳಿಸಿದ ಬಗೆ ಎಂಬುದು ಅದರ ಆಶಯ. ಆ ಹೆಸರಿನೊಂದಿಗೆ ಕಾದಂಬರಿ ಮುಗಿಯುತ್ತದೆ. ಎರಡು ಶತಮಾನ ಆಫ್ರಿಕದ ಮೇಲೆ ರಟ್ಟಿನ ಮಾತನ್ನು ಅಚ್ಚೊತ್ತಿದ್ದರಲ್ಲ, ಆ ಮಾತನ್ನೇ ಹಿಡಿದು ತಂದು ಒಳಪುಟದ ಕೊನೆಗೆ ನಿಲ್ಲಿಸಿ, ನೀವೇ ನೋಡಿ ಎಂದು ಓದುಗರಿಗೆ ಬಿಟ್ಟರು ಅಚಿಬೆ. ನಾನು ಈ ಕೊನೆಯನ್ನು ಓದಿಯೂ ಅಂಥದೇ ಚೀಟಿ ಬರೆದೆನಲ್ಲ ಎಂಬುದೇ ನನಗೆ ನಾಚಿಕೆ. ಜಿಲ್ಲಾಧಿಕಾರಿಯ ಪುಸ್ತಕಕ್ಕೆ ಒಪ್ಪುವ ಚೀಟಿಯನ್ನು ನಾನು ಅಚಿಬೆಯವರ ಪುಸ್ತಕಕ್ಕೆ ಅಂಟಿಸಿದ್ದೆ. ಹುಡುಗಿ ಹೇಳಿದ್ದು ಅಕ್ಷರಶಃ ನಿಜ. ಚೀಟಿ ಬೇರೆ ಪುಸ್ತಕದ್ದು.

1962ರಲ್ಲಿ ಲಂಡನ್ನಿನ ಹೈನಮನ್ ಸಂಸ್ಥೆ ಆಫ್ರಿಕದ ಲೇಖಕರ ಮಾಲೆಯೊಂದನ್ನು ಆರಂಭಿಸಿತು. ಅಚಿಬೆಯವರ ಕಾದಂಬರಿಯೇ ಅದರ ಮೊದಲ ಪುಸ್ತಕ. ಅವರೇ ಹತ್ತು ವರ್ಷ ಅದರ ಸಂಪಾದಕ ಸಲಹೆಗಾರರು. ಶಾಲೆಯ ಮಕ್ಕಳಿಗೆ ಎಟುಕುವ ಬೆಲೆ, ಕಿತ್ತಳೆ ಬಣ್ಣದ ರಟ್ಟು, ಹಿಂದೆ ಲೇಖಕನ ಭಾವಚಿತ್ರ. ಮಾಲೆಯಲ್ಲಿ ಮುನ್ನೂರಕ್ಕೂ ಮೀರಿ ಪುಸ್ತಕಗಳು ಬಂದುವು. ತನ್ನಂಥ ಮೊಗದವನೊಬ್ಬ ಪುಸ್ತಕದ ಹಿಂದಿನಿಂದ ತನ್ನನ್ನು ನೋಡುತ್ತಿರುವುದನ್ನು ಕಂಡ ಆಫ್ರಿಕದ ಶಾಲಾಬಾಲಕನಿಗೆ ಎಷ್ಟು ಧೈರ್ಯ ಬಂದಿರಬೇಡ! ಇದು ದೊಡ್ಡ ಉಪಕಾರ. ಆದರೂ ಎಲ್ಲರಿಗೂ ಸಮಾಧಾನವಾಗಲಿಲ್ಲ. ವೊಲೆ ಸೋಯಿಂಕ ಅದನ್ನು ಕಿತ್ತಳೆ ಬಣ್ಣದ ಕೇರಿಯೆಂದು ಕರೆದರು. ಊರಿನ ಸಾಹಿತ್ಯ ಒಂದು ಕಡೆ, ಇವರದು ಕೇರಿಯಲ್ಲಿ ಎಂಬ ಭಾವ. ಘಾನಾದ ಆಯಿ ಕ್ವೇ ಆರ್ಮಾ ಇನ್ನೂ ಕಟುವಾಗಿ, ಯೂರೋಪಿನವರ ಒಡೆತನದಲ್ಲಿದ್ದುಕೊಂಡು ಆಫ್ರಿಕದ್ದೆಂದು ಹೆಸರಿಟ್ಟುಕೊಂಡ ಆ ಮಾಲೆಯನ್ನು ಗುಲಾಮರನ್ನು ಸಾಲಾಗಿ ಬಿಗಿದು ನಡೆಸುತ್ತಿದ್ದ ಸರಪಣಿಗೆ ಹೋಲಿಸಿದರು. ಎಕ್ವಿಯಾನೊ ಹೆಮ್ಮೆಯಿಂದ ಬರೆದುಕೊಂಡ "ಆಫ್ರಿಕದವನು" ಎಂಬ ಶಬ್ದವೇ ಇನ್ನೊಬ್ಬರ ಕೈಯಲ್ಲಿ ಸಂಕೋಲೆಯಂತೆ ಕಾಣಿಸಿತು.

ಈಗ ಹಳೆಯ ಬೈಗುಳಗಳು ರಟ್ಟಿನಿಂದ ಬಹುಮಟ್ಟಿಗೆ ಮಾಯವಾಗಿವೆ. ಆದರೆ ಮಾತು ಹೋದೆಡೆ ಚಿತ್ರ ಬಂದಿದೆ. ಲೇಖಕ ಲೇಗೋಸಿನ ಮಹಾನಗರವನ್ನು ಕುರಿತು ಬರೆಯಲಿ, ಮರುಭೂಮಿಯನ್ನು ಕುರಿತು ಬರೆಯಲಿ, ರಟ್ಟಿನ ಮೇಲೆ ಅದೇ ಮುಳುಗುವ ಸೂರ್ಯ, ಅದೇ ಕೊಡೆಯಂಥ ಜಾಲಿಯ ಮರ. 2014ರಲ್ಲಿ ಅಂಥ ಹಲವಾರು ಮುಖಪುಟಗಳನ್ನು ಒಂದೆಡೆ ಜೋಡಿಸಿ ತೋರಿಸಿದಾಗ ಜನ ನಕ್ಕರು. ಅದಕ್ಕೂ ಮುಂಚೆ 2005ರಲ್ಲಿ ಕೀನ್ಯದ ಬಿನ್ಯವಾಂಗ ವೈನೈನ ಆಫ್ರಿಕದ ಬಗೆಗೆ ಬರೆಯುವುದು ಹೇಗೆಂದು ಒಂದು ವಿಡಂಬನೆ ಬರೆದು, ಹೆಸರಿನಲ್ಲಿ ಯಾವ ಯಾವ ಶಬ್ದಗಳಿದ್ದರೆ ಪುಸ್ತಕ ಬಿಕರಿಯಾಗುತ್ತದೆಂಬುದರ ಪಟ್ಟಿಯನ್ನೇ ಕೊಟ್ಟರು. ಕತ್ತಲೆ ಆ ಪಟ್ಟಿಯಲ್ಲಿ ಉಂಟು.

ಹಾಗಾದರೆ ಈ ಚರಿತ್ರೆಯಿಂದ ತಿಳಿಯುವುದೇನು? ಇಂಥ ಶಬ್ದ ಕೆಟ್ಟದ್ದು, ಇಂಥದು ಒಳ್ಳೆಯದು ಎಂಬ ನಿಘಂಟನ್ನು ಮಾಡಿಟ್ಟರೆ ಸಾಲದು. ಒಂದೇ ಶಬ್ದ ಸೆಂಗೋರರ ಕೈಯಲ್ಲಿ ಬಾವುಟ, ಅಂಗಡಿಯವನ ಕೈಯಲ್ಲಿ ಬೆಲೆಚೀಟಿ. ಕೇಳಬೇಕಾದ ಪ್ರಶ್ನೆಗಳು ಎರಡು: ಹೆಸರಿಟ್ಟವರು ಯಾರು? ಒಳಗಿನ ಪುಟಗಳು ಆ ಹೆಸರಿಗೆ ಸಾಕ್ಷಿ ಹೇಳುತ್ತವೆಯೆ? ವ್ಯಾಕರಣದ ಮಾತಿನಲ್ಲಿ ಹೇಳುವುದಾದರೆ, ತಾನು ಇಟ್ಟುಕೊಂಡ ಅಂಕಿತನಾಮದಿಂದ ಪ್ರತಿಯೊಬ್ಬನನ್ನೂ ಕರೆಯುವುದು ನ್ಯಾಯ. ಬೇರೆ ಹೆಸರು ಕೊಡಬೇಕಾದರೆ ಅದು ಅನ್ವರ್ಥವೇ ಎಂದು ಪರೀಕ್ಷಿಸಬೇಕು. ಬರಿಯ ರೂಢಿಯನ್ನು ಅನ್ವರ್ಥವೆಂದು ಮಾರುವುದು ವಂಚನೆ.

ಆದರೆ ವ್ಯಾಪಾರಿ ಒಂದು ಮಾತು ಹೇಳುತ್ತಾನೆ, ಅದನ್ನೂ ಮರೆಮಾಚಬಾರದು. ಅಂಥ ಶಬ್ದವಿಲ್ಲದಿದ್ದರೆ ಪುಸ್ತಕವನ್ನು ಯಾರೂ ಮುಟ್ಟುವುದಿಲ್ಲ, ಹೇಗಾದರೂ ಓದಲಿ ಎಂಬುದೇ ನಮ್ಮ ಆಸೆ ಎನ್ನುತ್ತಾನೆ. ಫಿಲಿಸಳ ಹಿತೈಷಿಗಳೂ ಹೀಗೆಯೇ ಎಂದುಕೊಂಡಿರಬೇಕು, ನಾನೂ ಎಂದುಕೊಂಡಿದ್ದೆ. ಆ ಹುಡುಗಿಯ ಎದುರಿಗೇ ಹಳೆಯ ಚೀಟಿಯನ್ನು ಕಿತ್ತು ಹೊಸದನ್ನು ಅಂಟಿಸಿದೆ. "ಚಿನುವಾ ಅಚಿಬೆ. ನೈಜೀರಿಯ. 1958. ಒಂದು ಊರು ಒಡೆದ ಕಥೆ" ಎಂದಷ್ಟೇ ಅದರಲ್ಲಿದೆ. ಪುಸ್ತಕ ಈಗ ಮೊದಲಿನಷ್ಟು ಬೇಗ ಕೈ ಬದಲಾಯಿಸುವುದಿಲ್ಲವೆಂಬುದು ನಿಜ. ಅದಕ್ಕೆ ನಾನು ಕಂಡುಕೊಂಡ ಉಪಾಯ ಒಂದೇ: ವಾರಕ್ಕೊಂದು ಅವಧಿಯಲ್ಲಿ ಆ ಪುಸ್ತಕದ ಕೆಲವು ಪುಟಗಳನ್ನು ತರಗತಿಯಲ್ಲಿ ಗಟ್ಟಿಯಾಗಿ ಓದುವುದು. ರಟ್ಟು ಹೇಳಲಾರದ್ದನ್ನು ಪುಟಗಳು ಹೇಳುತ್ತವೆ. ಕೇಳಿದ ಮಕ್ಕಳಲ್ಲಿ ಒಬ್ಬಿಬ್ಬರು ಗಂಟೆ ಹೊಡೆದ ಮೇಲೆ ಬಂದು ಪುಸ್ತಕ ಕೇಳುತ್ತಾರೆ. ಹಾಗೆ ಕೇಳುವಾಗ ಅವರು ಕಾಡುಜನರ ಪುಸ್ತಕ ಕೊಡಿ ಎನ್ನುವುದಿಲ್ಲ. "ಒಕೊಂಕ್ವೊನ ಪುಸ್ತಕ ಕೊಡಿ ಸಾರ್" ಎನ್ನುತ್ತಾರೆ.